ಚಿಕ್ಕಪ್ಪನ ಕಿಕ್ಕು

ನಮ್ಮ ಚಿಕ್ಕಪ್ಪ ಬೈಕಿನ ಹೊಟ್ಟೆಗೆ ದೋಸೆ ಹೆಂಚು ಕಟ್ಟಿಕೊಂಡು ಓಡಾಡುತ್ತಾರೆ. ನಂಬಿಕೆ ಬರಲಿಲ್ಲವೇ? ಮಧುಗಿರಿಗೆ ಬನ್ನಿ, ಅವರ ಪಾತ್ರೆ ಅಂಗಡಿಯ ಮುಂದೆ ನಿಂತಿರುವ ಗಾಡಿಯನ್ನು ಬಗ್ಗಿ ನೋಡಿ. ಕಲ್ಲು ಬಡಿಯದಿರಲೆಂದು ಇಂಜಿನ್ನಿನ ಕೆಳಗೆ ನಾಲ್ಕು ಬೋಲ್ಟ್ ಹಾಕಿ ಬಿಗಿದಿರುವುದು ಅಪ್ಪಟ ಕಬ್ಬಿಣದ ಹೆಂಚು! ಹಿಡಿ ಕತ್ತರಿಸಿದ ಗುರುತೂ ಇದೆ. ಹೆಡ್‌ಲೈಟಿಗೆ ಅಡ್ಡವಾಗಿರುವುದು ಬೋಂಡ ಎತ್ತುವ ಜಾಲರಿ. ಬೈಕಿನ ಸಾಮಾನಿಗೆ ಬೇರೆಯವರು ಬೆಂಗಳೂರಿನ ಅಂಗಡಿಗಳನ್ನು ಹುಡುಕಿದರೆ ಇವರು ತಮ್ಮ ಅಂಗಡಿಯ ಅಟ್ಟ ಹತ್ತುತ್ತಾರೆ.

ಅರವತ್ತರ ಹತ್ತಿರದ ವಯಸ್ಸು, ಹಣೆ ತುಂಬ ವಿಭೂತಿ, ಅದರ ಮೇಲೆ ಹೆಲ್ಮೆಟ್ಟು. ಒಳಗಿನ ಸ್ಪಂಜಿಗೂ ಮೂರು ಪಟ್ಟೆ ಬಿದ್ದು, ಹೆಲ್ಮೆಟ್ಟೂ ದೀಕ್ಷೆ ತೆಗೆದುಕೊಂಡಂತಿದೆ. ಇಂಥ ಗಂಭೀರ ಮನುಷ್ಯ ಭಾನುವಾರ ಬಂತೆಂದರೆ ಮೊಣಕಾಲುದ್ದದ ಬೂಟು ಹಾಕಿ ಮಣ್ಣುದಾರಿ ಹುಡುಕಿಕೊಂಡು ಹೊರಡುತ್ತಾರೆ. ಬಸ್ಸಿನಲ್ಲಿ ಅರ್ಧ ಗಂಟೆಗೆ ಸಿಗುವ ಕೊರಟಗೆರೆಯನ್ನು ಇವರು ಹಳ್ಳ, ಬದು, ಬಂಡೆ, ಜಾಲಿ ಮೆಳೆ ಎಲ್ಲವನ್ನೂ ವಿಚಾರಿಸಿಕೊಂಡು ಎರಡು ಗಂಟೆಗೆ ಮುಟ್ಟುತ್ತಾರೆ. ಒಮ್ಮೆ ಅಲ್ಲಿನ ನೆಂಟರ ಗೃಹಪ್ರವೇಶಕ್ಕೆ ಹೀಗೇ ಹೋಗಿ, ಕೊನೆಯ ಪಂಕ್ತಿಯ ಪಾಯಸವೂ ಮುಗಿದ ಮೇಲೆ, ಅಂಗಿ ತುಂಬ ಮುಳ್ಳು ಚುಚ್ಚಿಸಿಕೊಂಡು ಬಾಗಿಲಲ್ಲಿ ನಿಂತರು. ಎಲ್ಲೋ ಬಿದ್ದಿರಬೇಕೆಂದು ಮನೆಯವರು ಗಾಬರಿಯಾಗಿ ನೀರು ತಂದರೆ, "ಎಂಥಾ ದಾರಿ ಸಿಕ್ತು ಅಂತೀರಾ!" ಎಂದು ಕಣ್ಣರಳಿಸಿದರು.

ಬೈಕು ಒಂದಲ್ಲ, ಮೂರು. ಒಂದು ಓಡುತ್ತದೆ, ಉಳಿದೆರಡು ಹಿತ್ತಿಲಲ್ಲಿ ನಿಂತು ಅದಕ್ಕೆ ಅಂಗಾಂಗ ದಾನ ಮಾಡುತ್ತವೆ. ಬೆಸುಗೆ ಕೆಲಸವೆಲ್ಲ ಸಿರಾದ ಒಬ್ಬ ಭಾಯ್ ಬಳಿ. ಹೆಂಚು ಕೂರಿಸಲು ಹೋದ ದಿನ ಆತ ತಲೆ ಕೆರೆದುಕೊಂಡು ಕೇಳಿದನಂತೆ, "ಅರೆ ಸಾವ್ಕಾರ್, ಗಾಡಿ ರೆಡಿ ಮಾಡ್ಬೇಕಾ, ಹೋಟ್ಲು ರೆಡಿ ಮಾಡ್ಬೇಕಾ? ಕರೆಕ್ಟಾಗಿ ಏಳ್ಬುಡಿ!"

ಪಾತ್ರೆ ವ್ಯಾಪಾರಿಯ ಕಿವಿ ಬಹಳ ಸೂಕ್ಷ್ಮ ನೋಡಿ. ಬೆರಳಿನ ಗೆಣ್ಣಿನಿಂದ ತಟ್ಟಿ, ಬಿಂದಿಗೆಗೆ ಬಿರುಕಿದೆಯೋ ಇಲ್ಲವೋ ಹೇಳಬಲ್ಲರು. ಅದೇ ವಿದ್ಯೆಯನ್ನು ಚಕ್ರದ ಕಡ್ಡಿಗಳ ಮೇಲೂ ಪ್ರಯೋಗಿಸುತ್ತಾರೆ. ಒಂದೊಂದನ್ನೇ ಸ್ಪ್ಯಾನರಿನಿಂದ ತಟ್ಟುತ್ತ, ಯಾವುದು ಸಡಿಲ, ಯಾವುದು ಬಿಗಿ ಎಂದು ಬೆಳಗೆಲ್ಲ ಶ್ರುತಿ ಮಾಡುತ್ತ ಕೂರುತ್ತಾರೆ. ಅವರ ಹಿತ್ತಿಲಿಗೆ ತಾಗಿದ ಮನೆಯೇ ನಮ್ಮದು. ಶಾಲೆಯ ಉತ್ತರ ಪತ್ರಿಕೆ ತಿದ್ದುತ್ತ ಕೂತ ನನಗೆ ಈ ಸಂಗೀತ ಕಛೇರಿ ಪುಕ್ಕಟೆ.

ಏರ್ ಫಿಲ್ಟರಿನ ಕಥೆ ಇನ್ನೊಂದು. ಅದೊಂದು ಸ್ಪಂಜು. ಪಾವಗಡದ ಕಡೆ ಹೋಗಿ ಬಂದರೆ ಆ ಊರಿನ ಅರ್ಧ ಕೆಮ್ಮಣ್ಣು ಅದರಲ್ಲೇ ಇರುತ್ತದೆ. ಚಿಕ್ಕಪ್ಪ ಅದನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಿಂಡಿ, ಒಗೆಯುವ ಕಲ್ಲಿನ ಮೇಲೆ ಒಣಗಿಸುತ್ತಾರೆ. ಒಂದು ಸಲ ಅದು ಮಾಯ! ಹುಡುಕಿದರೆ ಬಚ್ಚಲಲ್ಲಿ ಚಿಕ್ಕಮ್ಮನ ಕೈಯಲ್ಲಿದೆ. ಸಾರಿನ ಪಾತ್ರೆ ಅದರಿಂದ ಉಜ್ಜಿಸಿಕೊಳ್ಳುತ್ತಿದೆ.

"ಲೇ ಇವ್ಳೇ, ಅದು ಗಾಡಿ ಮೂಗು ಕಣೇ!"

"ನಂಗೆಂಗ್ರೀ ಗೊತ್ತಾಗ್ಬೇಕು? ಚೆನ್ನಾಗಿ ನೊರೆ ಬತ್ತಾ ಐತೆ."

ಆ ವಾರ ಗಾಡಿಯ ಉಸಿರಾಟ ಹಿಂದೆಂದಿಗಿಂತ ಚೆನ್ನಾಗಿತ್ತು ಎಂದು ಚಿಕ್ಕಪ್ಪ ಆಮೇಲೆ ಒಪ್ಪಿಕೊಂಡರು. ಸ್ವಲ್ಪ ಹುಣಸೆ ವಾಸನೆ ಇತ್ತಂತೆ, ಅಷ್ಟೇ.

ಇಷ್ಟೆಲ್ಲ ಇದ್ದರೂ ಅವರ ನಿಜವಾದ ಅಹಂಕಾರ ಇದ್ದದ್ದು ಕಿಕ್ಕಿನಲ್ಲಿ. ಆ ಗಾಡಿಗೆ ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ಸೌಕರ್ಯವಿಲ್ಲ. ಇಂಜಿನ್ನನ್ನು ಬೇರೆ ಇವರು ತಿದ್ದಿ ತೀಡಿ ಎಷ್ಟು ಬಿಗಿ ಮಾಡಿಟ್ಟಿದ್ದರೆಂದರೆ, ಲೆಕ್ಕ ತಪ್ಪಿ ತುಳಿದರೆ ಕಿಕ್ಕರ್ ತಿರುಗಿ ಬಂದು ಕಣಕಾಲಿಗೆ ಬಡಿಯುತ್ತದೆ. ಮೊದಲು ಚೋಕ್ ಎಳೆಯಬೇಕು. ಎರಡು ಸಣ್ಣ ಕಿಕ್ಕು. ನಿಂತು, "ಶಿವಾ" ಎಂದು ಒಂದು ದೊಡ್ಡ ಕಿಕ್ಕು. ಗುಡುಗುಡು! ಈ ಕ್ರಮ ಮೂವತ್ತು ವರ್ಷದಿಂದ ಒಂದು ದಿನವೂ ತಪ್ಪಿರಲಿಲ್ಲ. "ಬಟನ್ ಒತ್ತೋ ಹೊಸ ಗಾಡಿ ತಗೊಳ್ಳಿ ಚಿಕ್ಕಪ್ಪ" ಎಂದು ನಾನೊಮ್ಮೆ ಹೇಳಿ ಕೆಟ್ಟೆ. "ಸೆಲ್ಫ್ ಇರೋ ಗಾಡಿಗೆ ಸೆಲ್ಫ್ ರೆಸ್ಪೆಕ್ಟ್ ಇರಲ್ಲ ಕಣಮ್ಮ" ಎಂದುಬಿಟ್ಟರು.

ಕಳೆದ ವರ್ಷ ಅವರ ಬಲಮೊಣಕಾಲು ಕೈಕೊಟ್ಟಿತು. ತುಮಕೂರಿನ ಡಾಕ್ಟರು ಎಕ್ಸ್‌ರೇ ನೋಡಿ, ಕೀಲು ಸವೆದಿದೆ ಎಂದರು.

"ಬೇರಿಂಗ್ ಹೋಗೈತೆ ಅಂತ ನಂಗೂ ಡೌಟಿತ್ತು ಬುಡಿ. ಹಳೇ ಗಾಡೀದು ಯಾವ್ದಾದ್ರೂ ಬಿಚ್ಚಿ ಹಾಕೋಕಾಗಲ್ವಾ ಡಾಕ್ಟ್ರೇ?"

ಡಾಕ್ಟರು ನಗಲಿಲ್ಲ. ಗಾಡಿ ಓಡಿಸಬಹುದು, ಆದರೆ ಈ ಕಾಲಲ್ಲಿ ಇನ್ನು ಕಿಕ್ ಹೊಡೆಯುವ ಹಾಗಿಲ್ಲ, ಹೊಡೆದರೆ ನಡೆಯುವುದೂ ಕಷ್ಟವಾದೀತು ಎಂದರು.

ನನ್ನ ಗಂಡ ಕಿಕ್ ಹೊಡೆದುಕೊಡಲು ಹೋಗಿ ಮೂರು ದಿನ ಕುಂಟಿದರು. ಪಕ್ಕದ ಅಂಗಡಿಯವರು ಬೆವರು ಸುರಿಸಿ ಸೋತರು. ಯಾರಿಂದಲೂ ಆಗಲಿಲ್ಲವೆಂದು ಚಿಕ್ಕಪ್ಪನಿಗೆ ಒಳಗೊಳಗೇ ಖುಷಿ! ಆದರೆ ಖುಷಿ ಇಟ್ಟುಕೊಂಡು ಬೈಕ್ ಓಡಿಸಲಾಗುವುದೇ? ಆರು ತಿಂಗಳು ಗಾಡಿ ನಿಂತಲ್ಲೇ ನಿಂತಿತು. ಎಲ್ಲಿಗೂ ಹೋಗದ ಗಾಡಿಯನ್ನು ಅವರು ದಿನಾ ಬೆಳಿಗ್ಗೆ ಮಣೆ ಹಾಕಿ ಕೂತು ಒರೆಸುತ್ತಿದ್ದರು. ಚೈನಿಗೆ ಎಣ್ಣೆ ಬಿಡುತ್ತಿದ್ದರು.

ಒಂದು ಬೆಳಿಗ್ಗೆ ಒಗ್ಗರಣೆ ಹಾಕುತ್ತಿದ್ದ ಚಿಕ್ಕಮ್ಮ ಒಲೆ ಆರಿಸಿ ಹೊರಗೆ ಬಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಮೂಲೆಯಲ್ಲಿದ್ದ ಗಂಡನ ಬೂಟುಗಳಲ್ಲಿ ಬಲಗಾಲಿನದೊಂದನ್ನು ಹಾಕಿಕೊಂಡರು. ಮೇಲೆ ಇಳಕಲ್ ಸೀರೆ, ಕೆಳಗೆ ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಕಾಲುಂಗುರ!

"ಏಯ್, ಏನ್ ಮಾಡ್ತಿದೀಯೇ? ತಿರುಗಿ ಹೊಡೀತೈತೆ ಅದು!"

"ನೀವು ಸುಮ್ಕೆ ಗಾಡಿ ಹಿಡ್ಕೊಳ್ರಿ."

ಚೋಕ್ ಎಳೆದರು. ಎರಡು ಸಣ್ಣದು. ನಿಂತರು. "ಶಿವಾ." ಒಂದು ದೊಡ್ಡದು. ಗುಡುಗುಡು! ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. "ಮೂವತ್ತು ವರ್ಷ ಅಡುಗೆಮನೇಲಿ ನಿಂತು ಕೇಳಿದೀನಿ, ಅಷ್ಟೂ ಬರಾಕಿಲ್ವಾ?" ಎಂದರು ಚಿಕ್ಕಮ್ಮ. ಚಿಕ್ಕಪ್ಪ ಆ ಕಡೆ ಮುಖ ಮಾಡಿಕೊಂಡು ಹೇಳಿದರು: "ಚೋಕ್ ಇಳ್ಸು."

ಅಲ್ಲಿಂದ ಶುರುವಾಯಿತು ನೋಡಿ ಹೊಸ ಫಜೀತಿ. ಸ್ಟಾರ್ಟ್ ಮಾಡುವವರು ಮನೆಯಲ್ಲಿ. ಹಾಗಾಗಿ ಹೊರಗೆಲ್ಲೂ ಆಫ್ ಮಾಡುವಂತಿಲ್ಲ! ಗೆಳೆಯರ ಮನೆ ಮುಂದೆ ಗಾಡಿಯ ಮೇಲೆ ಕೂತೇ ಕಾಫಿ. ಸಾವಿನ ಮನೆಗೆ ಹೋದರೂ ಗುಡುಗುಡು ಸದ್ದಿನ ನಡುವೆಯೇ ಸಂತಾಪ. ಪೆಟ್ರೋಲ್ ಬಂಕಿನಲ್ಲಿ ಮಾತ್ರ ಆರಿಸಲೇಬೇಕಲ್ಲ? ಅದಕ್ಕೆ ಚಿಕ್ಕಮ್ಮ ಚೀಲ ಹಿಡಿದು ಬಂಕಿಗೆ ನಡೆದು ಬರುತ್ತಾರೆ. ಅಲ್ಲೇ ಬೂಟು ಬದಲಿಸಿ, ಗಾಡಿಯನ್ನು ಈಚೆ ತಳ್ಳಿಸಿ ಒಂದು ಕಿಕ್ ಹೊಡೆದು, ಹಾಗೇ ಸೊಪ್ಪು ತೆಗೆದುಕೊಂಡು ಮನೆಗೆ ಹೋಗುತ್ತಾರೆ.

ಹೋದ ತಿಂಗಳ ಒಂದು ಭಾನುವಾರ ನಾನು ಚಿಕ್ಕಮ್ಮನ ಮನೆಯಲ್ಲಿ ಅವರ ಜೊತೆ ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ಬೆಳಿಗ್ಗೆಯೇ ನಿಡುಗಲ್ಲು ಬೆಟ್ಟದ ಕಡೆ ಹೋಗಿದ್ದ ಚಿಕ್ಕಪ್ಪನಿಂದ ಚಿಕ್ಕಮ್ಮನಿಗೆ ಫೋನು ಬಂತು.

"ಏನಿಲ್ಲ, ಸುಮ್ನೆ ಮಾಡ್ದೆ. ಊಟ ಆಯ್ತಾ?"

ಚಿಕ್ಕಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದರು. "ಗಾಡಿ ಸದ್ದೇ ಇಲ್ವಲ್ರೀ?"

ಆ ಕಡೆ ಫೋನು ಕಟ್ಟಾಯಿತು. ಚಿಕ್ಕಮ್ಮ ಎದ್ದು ಸೀರೆ ಬದಲಿಸಿದರು. ಇಬ್ಬರೂ ಪಾವಗಡದ ಬಸ್ಸು ಹತ್ತಿ, ಅಲ್ಲಿಂದ ಆಟೋ ಮಾಡಿಕೊಂಡು ನಿಡುಗಲ್ಲಿಗೆ ಹೋದೆವು. ಬೆಟ್ಟದ ಬುಡದ ಮರಳಿನಲ್ಲಿ ಗಾಡಿ ಹೂತು ಆಫ್ ಆಗಿತ್ತು. ತಳ್ಳಿ ಸ್ಟಾರ್ಟ್ ಮಾಡಲೂ ಆಗಿರಲಿಲ್ಲ. ಊರಿನ ಮೂವರು ತುಳಿದು ಸೋತು, ಒಬ್ಬರು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಚಿಕ್ಕಪ್ಪ ಹುಣಸೆ ಮರದ ಕೆಳಗೆ ಕೂತಿದ್ದರು. ಮಧುಗಿರಿಯಿಂದ ಮೆಕ್ಯಾನಿಕ್ ಬರ್ತಾ ಅವ್ರೆ ಎಂದು ಎಲ್ಲರಿಗೂ ಹೇಳಿಟ್ಟಿದ್ದರಂತೆ! ಆಟೋದಿಂದ ಚಿಕ್ಕಮ್ಮ ಇಳಿದರೆ, ಜನರೆಲ್ಲ ಅವರ ಹಿಂದೆ ಮೆಕ್ಯಾನಿಕ್ ಎಲ್ಲಿ ಎಂದು ಇಣುಕಿದರು.

ಚಿಕ್ಕಮ್ಮ ಗಂಡನ ಕಾಲಿನಿಂದ ಬೂಟು ಬಿಚ್ಚಿಸಿಕೊಂಡರು. ಈ ಸಲ ಮೂರನೆಯ "ಶಿವಾ"ಗೆ ಹೊತ್ತಿಕೊಂಡಿತು. ಅಲ್ಲಿದ್ದ ಅಜ್ಜಿಯೊಬ್ಬಳು ತೆಲುಗಿನಲ್ಲಿ, "ಅಬ್ಬ, ಏಮಿ ಕಾಲಮ್ಮಾ ನೀದಿ!" ಎಂದು ಚಿಕ್ಕಮ್ಮನ ಕಾಲನ್ನೇ ಮುಟ್ಟಿ ನೋಡಿದಳು.

ವಾಪಸ್ಸು ನಾವು ಬಸ್ಸಿನಲ್ಲಿ ಬಂದೆವು. ಹಿಂದಿನ ಗಾಜಿನಲ್ಲಿ ನೋಡಿದರೆ, ನಮ್ಮ ಹಿಂದೆಯೇ ಚಿಕ್ಕಪ್ಪ. ಬಸ್ಸು ನಿಂತರೆ ತಾವೂ ಕಾಲೂರಿ ನಿಲ್ಲುತ್ತಾರೆ, ಹೊರಟರೆ ಹೊರಡುತ್ತಾರೆ. ಮುಂದೆ ಹೋಗಿದ್ದರೆ ಎಷ್ಟೋ ಬೇಗ ಮನೆ ಮುಟ್ಟುತ್ತಿದ್ದರು.

ಪಕ್ಕದಲ್ಲಿ ಚಿಕ್ಕಮ್ಮ ತಮ್ಮ ಬಲಮೊಣಕಾಲನ್ನು ನೀವಿಕೊಳ್ಳುತ್ತಿದ್ದರು. ನಾನು ನೋಡಿದ್ದನ್ನು ನೋಡಿ ಕೈ ತೆಗೆದರು.

"ಎರಡು ತಿಂಗ್ಳಿಂದ ಹಿಡ್ಕೊಂಡೈತೆ. ಅವ್ರಿಗೆ ಏಳ್ಬ್ಯಾಡ ಕಣಮ್ಮ."

"ಮತ್ಯಾಕೆ ಹೊಡೀತೀರಿ ಚಿಕ್ಕಮ್ಮ?"

"ಅವರು ಗಾಡಿ ಒರಸ್ತಾ ಕೂತಿರ್ತಾರಲ್ಲ, ಅದನ್ನ ನೋಡೋಕಾಗಲ್ಲ ಕಣಮ್ಮ."

ನಾನು ಕಿಟಕಿಯ ಆಚೆ ನೋಡುತ್ತ ಕೂತೆ.

ಮಿಡಿಗೇಶಿಯಲ್ಲಿ ಡ್ರೈವರ್ ಟೀ ಕುಡಿಯಲು ಇಳಿದರು. ಚಿಕ್ಕಪ್ಪ ಗಾಡಿಯನ್ನು ನಮ್ಮ ಕಿಟಕಿಯ ಪಕ್ಕಕ್ಕೇ ತಂದು ನಿಲ್ಲಿಸಿ, ಇಂಜಿನ್ನಿನ ಸದ್ದಿಗಿಂತ ಜೋರಾಗಿ ಕೇಳಿದರು, "ಬಸ್ ಹತ್ತೋವಾಗ ಎಡಗಾಲು ಮೊದ್ಲಿಟ್ಟು, ಬಲಗಾಲು ಎಳ್ಕೊಂಡೆ ನೀನು. ಎಷ್ಟು ದಿನದಿಂದ ನೋಯ್ತಾ ಐತೆ?"

"ಏನೂ ಇಲ್ಲ. ನೀವು ಸುಮ್ಕೆ ನಡೀರಿ, ಗಾಡಿ ಆಫ್ ಆದಾತು!"

ಚಿಕ್ಕಪ್ಪ ಕೀ ತಿರುಗಿಸಿದರು. ಗಾಡಿ ಆಫ್ ಆಯಿತು. ಬಸ್ಸಿನೊಳಗಿನವರ ಮಾತೆಲ್ಲ ಇದ್ದಕ್ಕಿದ್ದಂತೆ ಸ್ಪಷ್ಟವಾಗಿ ಕೇಳತೊಡಗಿತು. ಗಾಡಿಯನ್ನು ಟೀ ಅಂಗಡಿಯ ಗೋಡೆಗೆ ಒರಗಿಸಿ, ಅಂಗಡಿಯವನಿಗೆ ನೋಡಿಕೊಳ್ಳಲು ಹೇಳಿ, ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು, ಕಂಬಿ ಹಿಡಿದು ನಿಧಾನವಾಗಿ ಬಸ್ಸು ಹತ್ತಿದರು.

"ಎಲ್ಲಿಗೆ ಯಜಮಾನ್ರೇ?" ಎಂದ ಕಂಡಕ್ಟರ್.

"ಒಂದು ಮಧುಗಿರಿ ಕೊಡಪ್ಪ."

ನಾನು ಎದ್ದು ಚಿಕ್ಕಮ್ಮನ ಪಕ್ಕದ ಜಾಗ ಬಿಟ್ಟೆ.