ಮರಿಯಯ್ಯನವರ ಸ್ವಂತ ಜೋಗುಳ

ಬೆಳಗ್ಗೆ ತಿಂಡಿ ಹೊತ್ತಿಗೆ ಮೊಬೈಲಿನಿಂದ ಒಂದು ಜೋಗುಳ ಮಾಯವಾಯಿತು. ದೇವರಾಜ ಮೊಹಲ್ಲಾದ ಮರಿಯಯ್ಯನವರ ಮನೆಯ ನೆಮ್ಮದಿ ಅದರ ಹಿಂದೆಯೇ ಹೋಯಿತು.

ಬಾಣಂತನಕ್ಕೆ ಬಂದಿದ್ದ ಮಗಳು ತೇಜಸ್ವಿನಿ ಮೊಬೈಲನ್ನು ಒತ್ತಿದಳು, ಉಜ್ಜಿದಳು. "ನಿನ್ನೆ ಇತ್ತು ಅಪ್ಪಾಜಿ. ಇವತ್ತು ಆಪ್‌ನಿಂದ ಆ ಹಾಡನ್ನೇ ತೆಗೆದ್ಬುಟ್ಟಿದ್ದಾರೆ."

ತೊಟ್ಟಿಲಲ್ಲಿದ್ದ ಕೂಸಿಗೆ ಈ ಸಬೂಬು ಒಪ್ಪಿಗೆಯಾಗಲಿಲ್ಲ. ಆ ಹಾಡಿಲ್ಲದೆ ಅದು ಮಲಗುವುದಿಲ್ಲ. ಕುಕ್ಕರಿನ ಹಾಗೆ ಕೂಗತೊಡಗಿತು. ಅಜ್ಜಿ ಚೆಲುವಮ್ಮ ತಾವೇ ಹಾಡಿ ನೋಡಿದರು. ಈಗ ಕುಕ್ಕರ್ ಎರಡಾಯಿತು.

ಮರಿಯಯ್ಯನವರಿಗೆ ಒಳಗೊಳಗೇ ಖುಷಿ. "ಅವತ್ತೇ ಬಡ್ಕೊಂಡೆ. ಮೊಬೈಲ್ ಹಾಡು ಬಾಡಿಗೆ ಮನೆ ಇದ್ದಂಗೆ ಕಣಮ್ಮ. ಓನರ್ ಎಬ್ಬಿಸಿದ ದಿವಸ ಚಾಪೆ ಸುತ್ಕೊಂಡು ಎದ್ದೋಗ್ಬೇಕು. ಅದೇ ಹಾಡಿನ ನನ್ನ ಸೀಡಿ ಸ್ವಂತ ಮನೆ! ನಿನ್ನನ್ನೂ ಅದೇ ಮಲಗಿಸಿದ್ದು."

"ರೀ, ಭಾಷಣ ಸಾಕು. ಹುಡುಕಿ ತನ್ನಿ," ಎಂದರು ಚೆಲುವಮ್ಮ.

ಅಟ್ಟದ ಮೇಲೆ, ಹಳೇ ಇಡ್ಲಿ ತಟ್ಟೆಗಳ ನಡುವೆ ಸೀಡಿ ಸಿಕ್ಕಿತು, ಪ್ಲೇಯರೂ ಸಿಕ್ಕಿತು. ಸೀಡಿಯ ಮೇಲೆ ಬೂಷ್ಟು. ಅಳು ಕೇಳಿ ಬಂದಿದ್ದ ಎದುರು ಮನೆ ಗೋವಿಂದರಾಜು, "ಟೂತ್‌ಪೇಸ್ಟ್ ಹಾಕಿದ್ರೆ ಹೊಸದಾಗ್ತದೆ ಯಜಮಾನ್ರೇ" ಎಂದು ತಾನೇ ತಿಕ್ಕಿದ. ಪ್ಲೇಯರ್ ಬಾಯಿ ಬಿಡಲಿಲ್ಲ. ಹೇರ್‌ಪಿನ್ ತೂರಿಸಿ ಮೀಟಿದರೆ, ಸೀಡಿ ಇಡುವ ತಟ್ಟೆ ಸರಕ್ಕನೆ ಹೊರಬಂದು ಮರಿಯಯ್ಯನವರ ಮೂಗಿಗೇ ಬಡಿಯಿತು. ಅಷ್ಟು ಹೊತ್ತಿಗೆ ಪಕ್ಕದ ಮನೆಯ ಚನ್ನಬಸವಯ್ಯನವರೂ ಬಂದು ಕುರ್ಚಿ ಎಳೆದುಕೊಂಡರು.

ಹಾಡು ಶುರುವಾಯಿತು. ವೀಣೆಯ ತಂತಿ ಮೇಲೆ ಬೆರಳು ಜಾರುವುದು ಕೇಳುತ್ತಿತ್ತು. ಹಾಡುವಾಕೆ ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಕೂಸು ಗಪ್‌ಚಿಪ್. ಚೆಲುವಮ್ಮ ತೊಟ್ಟಿಲ ಹಗ್ಗ ಹಿಡಿದು ಕಣ್ಣೊರೆಸಿಕೊಂಡರು. ಇದೇ ತೊಟ್ಟಿಲು, ಇದೇ ಹಗ್ಗ. ಆಗ ಒಳಗಿದ್ದವಳು ತೇಜಸ್ವಿನಿ. ಬೀದಿಯಲ್ಲಿ ಆಗಿನ್ನೂ ಟಾಂಗಾ ಕುದುರೆಯ ಗೊರಸಿನ ಸದ್ದು ಇತ್ತು.

"ಕೇಳಿದ್ರಾ?" ಮರಿಯಯ್ಯ ಪಿಸುಗುಟ್ಟಿದರು. "ಮೊಬೈಲಲ್ಲಿ ಈ ಉಸಿರು ಕೇಳ್ತದಾ? ಅದು ನೀರು ಬೆರೆಸಿದ ಹಾಲು ಕಣ್ರೀ. ಇದು ನನ್ನದು. ಯಾವನೂ ಕಿತ್ಕೊಳ್ಳೋಕಾಗಲ್ಲ."

ಕಣ್ಣು ಮುಚ್ಚಿ ಕೇಳುತ್ತಿದ್ದ ಚನ್ನಬಸವಯ್ಯನವರು ಬೆರಳೆತ್ತಿದರು. "ತಡೀರಿ. ಈಗ 'ಕಂದ' ಅನ್ನೋ ಕಡೆ ತೊದಲುತ್ತೆ."

"ಕಂ... ಕಂ... ಕಂ... ಕಂದ" ಎಂದಿತು ಸೀಡಿ.

ಗೋವಿಂದರಾಜು ಬೆರಗಾದ. "ನಿಮಗೆಂಗೆ ಗೊತ್ತಾಯ್ತು ಅಯ್ನೋರೆ?"

"ನಮ್ಮ ಮಗಳು ಲಾಸ್ಯ ಚಿಕ್ಕೋಳಿದ್ದಾಗ ಇದನ್ನೇ ಸ್ಟೇರಿಂಗ್ ಮಾಡ್ಕೊಂಡು ಜಗಲಿ ಮೇಲೆ ಬಸ್ಸು ಓಡಿಸೋಳು. ಆಗ ಬಿದ್ದ ಗೀರು." ಚನ್ನಬಸವಯ್ಯನವರು ಮೆಲ್ಲಗೆ ತಿರುಗಿದರು. "ತೇಜಸ್ವಿನಿಗೆ ಹಲ್ಲು ಬರೋವಾಗ ಎರಡು ದಿನಕ್ಕೆ ಅಂತ ಇಸ್ಕೊಂಡ್ಹೋದ್ರಿ, ಮರಿಯಯ್ನೋರೆ."

ಮರಿಯಯ್ಯನವರ ಮುಖ ಆರಿದ ಪೂರಿಯ ಹಾಗೆ ಇಳಿದುಹೋಯಿತು. "ಕೊಡೋಣ ಅಂತಲೇ ಇದ್ದೆ..."

"ಯಾವಾಗ, ಮೊಮ್ಮಗೂಗೂ ಹಲ್ಲು ಬಂದ ಮೇಲಾ?" ಎಂದರು ಚೆಲುವಮ್ಮ.

"ಬೈಬೇಡಿ ತಾಯಿ. ಲಾಸ್ಯ ಮದುವೆಯಾಗಿ ಹೋದಾಗಿನಿಂದ ನಮ್ಮನೆಯೋಳು ಶಾಂತಾದೇವಿ ಈ ಹಾಡು ಎಲ್ಲಿ ಹೋಯ್ತು ಅಂತ ಕೇಳ್ತಾನೇ ಇದ್ದಾಳೆ." ಸೀಡಿಯನ್ನು ತೆಗೆದು ಟವೆಲ್ಲಿನಲ್ಲಿ ಸುತ್ತಿಕೊಂಡು ಎದ್ದವರು ಬಾಗಿಲಲ್ಲಿ ನಿಂತರು. "ನಮ್ಮನೇಲಿ ಪ್ಲೇಯರ್ ಇಲ್ಲ. ಅದನ್ನೂ ಎರಡು ದಿನಕ್ಕೆ ಕೊಡ್ತೀರಾ?"

ಮರಿಯಯ್ಯ ಬಾಯಿ ತೆರೆಯುವ ಮೊದಲೇ ಚೆಲುವಮ್ಮ ಪ್ಲಗ್ ಕಿತ್ತು ಕೊಟ್ಟಾಗಿತ್ತು.

ಹಾಡು ನಿಂತ ಸಂಗತಿ ತೊಟ್ಟಿಲಿಗೂ ತಿಳಿಯಿತು. ಕಿರುಚುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಮರಿಯಯ್ಯ ಪಕ್ಕದ ಮನೆಗೆ ಓಡಿದರು. ಬಾಗಿಲು ಬಡಿದರು. ತೆಗೆಯುವವರಿಲ್ಲ. ಕಿಟಕಿಯಲ್ಲಿ ಇಣುಕಿದರೆ, ಹಾಡು ತನ್ನ ಪಾಡಿಗೆ ಓಡುತ್ತಿದೆ; ಗಂಡ ಹೆಂಡತಿ ಇಬ್ಬರೂ ಕೂತಲ್ಲೇ ಗೊರಕೆ.

ಹೆಗಲ ಮೇಲಿನ ಕೂಸೂ ಕಣ್ಣು ಮುಚ್ಚಿತು. ಮರಿಯಯ್ಯ ಮೆಲ್ಲಗೆ ಮನೆ ಕಡೆ ಒಂದು ಹೆಜ್ಜೆ ಇಟ್ಟರು. ಕೂಸು ಕಣ್ಣು ಬಿಟ್ಟಿತು. ತೆಪ್ಪಗೆ ಹಿಂದಕ್ಕೆ ಬಂದು, ಕಿಟಕಿಯ ಸರಳಿಗೆ ಒರಗಿ ನಿಂತರು. ಒಳಗೆ ಹಾಡು ಮುಗಿದು, ಮತ್ತೆ ಮೊದಲಿನಿಂದ ಶುರುವಾಯಿತು.