ಮೆಟ್ಟಿಲ ಮೇಲಿನ ಹಿಟ್ಟಿನ ಹೆಜ್ಜೆ

ಮಹಡಿಯನ್ನು ಬಾಡಿಗೆಗೆ ಕೊಟ್ಟವನಿಗೆ ಬಾಡಿಗೆಯೊಂದೇ ಬರುವುದಿಲ್ಲ; ಮೇಲಿನವರ ಕೆಮ್ಮು, ಜಗಳ, ಅಳು ಎಲ್ಲವೂ ತೊಲೆಗಳ ಸಂದಿನಿಂದ ಇಳಿದು ಅವನ ತಲೆಯ ಮೇಲೆ ಕೂರುತ್ತವೆ. ಸೇಲಂನ ನಮ್ಮ ಮನೆಯ ಮಹಡಿಗೆ ಬಂದವರು ಇಂಗ್ಲೆಂಡಿನವರು. ದೊರೆಗಳು ಯಾವುದೋ ಗಿರಣಿಗೆ ಯಂತ್ರ ಕೂರಿಸಲು ಬಂದಿದ್ದರು. ಅವರಿಗೆಂದು ಕಟ್ಟುತ್ತಿದ್ದ ಬಂಗಲೆಗೆ ಇನ್ನೂ ಚಾವಣಿಯೇ ಇರಲಿಲ್ಲವಾದ್ದರಿಂದ ಹೆಂಡತಿ, ಇಬ್ಬರು ಮಕ್ಕಳು, ಬಿಚ್ಚದ ಪೆಟ್ಟಿಗೆಗಳ ಸಮೇತ ನಮ್ಮ ನೆತ್ತಿಯ ಮೇಲೆ ಬಿಡಾರ ಹೂಡಿದ್ದರು. "ದೊರೆಗಳೆಲ್ಲ ಒಂಟೋದ್ರು ಅಂತ ಸ್ವತಂತ್ರ ಬಂದಾವತ್ತು ಪಾಯಸ ಮಾಡಿದ್ನಲ್ಲೋ, ಇವರೆಂಗ್ಲಾ ಬಂದ್ರು?" ಎಂದು ಅಮ್ಮ ಕೇಳಿದ್ದು ಅವರಿಗೆ ಅರ್ಥವಾಗಲಿಲ್ಲ, ನನ್ನ ಪುಣ್ಯ.

ಡಿಸೆಂಬರ್ ಬಂತು. ಅವರ ಹಿರಿಯ ಮಗಳು ರೋಸಿ, ಆರೇಳು ವರ್ಷದ ಹುಡುಗಿ, ಊಟ ಬಿಟ್ಟು ಮೆಟ್ಟಿಲ ಮೇಲೆ ಕೂತು ಅಳತೊಡಗಿದಳು. ಇಂಗ್ಲಿಷ್ ಬಲ್ಲೆನೆಂಬ ಜಂಬದಿಂದ ವಿಚಾರಿಸಿದೆ. ಕ್ರಿಸ್‌ಮಸ್ ರಾತ್ರಿ ಬಿಳಿಗಡ್ಡದ ತಾತನೊಬ್ಬ ಮನೆಮನೆಗೆ ಉಡುಗೊರೆ ತರುತ್ತಾನಂತೆ. ಇದು ತಮ್ಮ ಮನೆಯೇ ಅಲ್ಲವಲ್ಲ, ಅವನಿಗೆ ದಾರಿ ಹೇಗೆ ತಿಳಿಯಬೇಕು ಎಂಬುದು ಅವಳ ಸಂಕಟ. ತಾಯಿ ಸಮಾಧಾನ ಹೇಳಿ ಹೇಳಿ ತಾವೂ ಕಣ್ಣೊರೆಸಿಕೊಂಡರು.

"ಯಾವ ಅಬ್ಬಾನ್ಲಾ ಅದು?" ಎಂದರು ಅಮ್ಮ.

"ದೇವ್ರ ಮಗು ಉಟ್ಟಿದ ದಿನ ಅಂತಮ್ಮ. ಬರೋರಿಗೆ ದಾರಿ ಗೊತ್ತಾಗಲ್ಲ ಅಂತ ಅಳ್ತೈತೆ." ತಾತನ ಪುರಾಣ ಬಿಡಿಸಿ ಹೇಳಲು ನನಗೆ ಸೋಮಾರಿತನ.

"ಅಯ್ಯೋ, ಪಾವಂ! ಅಷ್ಟೇನಾ?" ಎಂದು ಮರುಗಿ ಅಮ್ಮ ಒಳಗೆ ಹೋದರು.

ಅದು ಧನುರ್ಮಾಸ. ಹಬ್ಬದ ಬೆಳಗ್ಗೆ ಏರ್ಕಾಡಿನ ಬೆಟ್ಟದಿಂದ ಇಳಿದ ಮಂಜು ಬೀದಿಯನ್ನೆಲ್ಲ ನುಂಗಿತ್ತು. ಎಲ್ಲೋ ಒಂದು ಭಜನೆ, ಎಲ್ಲೋ ಒಂದು ದೀಪ, ನಡುವೆ ನಾನು ಇದ್ದೇನೋ ಇಲ್ಲವೋ ಎಂಬ ಹಾಗೆ ಹಿತವಾಗಿತ್ತು. ಸ್ನಾನ ಮುಗಿಸಿ, ಒದ್ದೆ ಪಂಚೆ ಒಣಹಾಕಲು ಕನ್ನಡಕವಿಲ್ಲದೆ ಮಹಡಿ ಹತ್ತಿದೆ. ಮೊದಲ ಮೆಟ್ಟಿಲಲ್ಲೇ ಬಲಗಾಲು ಏನೋ ತಣ್ಣಗಿನದರಲ್ಲಿ ಇಳಿಯಿತು. ಸಗಣಿಯಲ್ಲದಿದ್ದರೆ ಸಾಕಪ್ಪಾ ಎಂದುಕೊಂಡು ಹಾಗೇ ಹತ್ತಿದೆ.

ಬೆಳಕು ಹರಿದಾಗ ಮೇಲಿನಿಂದ ಕಿರುಚಾಟ. ಗೋಕುಲಾಷ್ಟಮಿಗೆ ಕೃಷ್ಣನಿಗೆ ಬರೆಯುವಂತೆಯೇ ಅಮ್ಮ ಬೀದಿಬಾಗಿಲಿಂದ ಅವರ ಬಾಗಿಲವರೆಗೆ ಅಕ್ಕಿಹಿಟ್ಟಿನಲ್ಲಿ ಪುಟ್ಟ ಪುಟ್ಟ ಹೆಜ್ಜೆ ಬರೆದಿದ್ದರು. ಪಕ್ಕದಲ್ಲೇ ಮೆಟ್ಟಿಲು ಬಿಟ್ಟು ಮೆಟ್ಟಿಲಿಗೆ ಒಂದೊಂದು ಭಾರೀ ಬಲಪಾದ! ರೋಸಿ ಕುಣಿಯುತ್ತಿದ್ದಳು. ತಾತ ಬಂದನಂತೆ, ದೇವರ ಮಗುವನ್ನೂ ಕೈಹಿಡಿದು ಕರೆತಂದನಂತೆ. ಪಾಪ, ಅಷ್ಟು ದೂರದಿಂದ ಒಂಟಿಕಾಲಲ್ಲಿ ಕುಂಟಿಕೊಂಡು!

"ನನ್ನ ಇಟ್ಟಿನ ತಟ್ಟೆ ತುಳಿದೋನು ಯಾವನ್ಲಾ?" ಎಂದು ಕೆಳಗಿನಿಂದ ಅಮ್ಮ ಗುಡುಗಿದರು.

ದೊರೆಸಾನಿ ನನ್ನ ಬಿಳಿಯ ಬಲಗಾಲನ್ನು ನೋಡಿದರು. ನಗು, ಅಳು ಎರಡೂ ಒಟ್ಟಿಗೇ ಬಂದವು ಅವರಿಗೆ. ರೋಸಿಗೆ ಕಾಣದಂತೆ ಒಳಗೆ ಹೋಗಿ ಗಂಡನ ಉಣ್ಣೆಯ ಕಾಲುಚೀಲವೊಂದನ್ನು ತಂದು ನನ್ನ ಕೈಗಿಟ್ಟರು. ಪಾದದ ಗುರುತು ರೋಸಿಗೆ ಸಿಗಬಾರದೆಂದು ಅವರು ಇರುವಷ್ಟು ದಿನವೂ ಸೇಲಂ ಸೆಕೆಯಲ್ಲಿ, ನನ್ನದೇ ಮನೆಯಲ್ಲಿ, ನಾನು ಉಣ್ಣೆ ತೊಟ್ಟು ತಿರುಗಿದೆ. ಕಾಲುಚೀಲ ತೊಟ್ಟವನೆಂದು ಅಮ್ಮ ಅಡುಗೆಮನೆಗೇ ಸೇರಿಸಲಿಲ್ಲ.

ಒಂದು ದಿನ ರೋಸಿ ನನ್ನ ಕಾಲಿಗೂ ಪೆಟ್ಟಾಗಿದೆಯೇ ಎಂದು ಕೇಳಿದಳು. ವಿಧಿಯಿಲ್ಲದೆ ಹೌದೆಂದೆ. ಅಂದಿನಿಂದ ಅವಳ ಪ್ರಾರ್ಥನೆಯಲ್ಲಿ ಕುಂಟ ತಾತನ ಜೊತೆಗೆ ನನ್ನ ಹೆಸರೂ ಸೇರಿತಂತೆ. ನನ್ನ ಬುದ್ಧಿಗೆ, ಬಡ್ತಿಗೆ ಯಾರೂ ದೇವರನ್ನು ಬೇಡಿದ್ದು ಕಾಣೆ. ಸಮುದ್ರದಾಚೆಯ ಆ ಮಗು ಬೇಡಿಕೊಂಡದ್ದು, ಕಲ್ಲಿನಂತೆ ಗಟ್ಟಿಯಾಗಿರುವ ಈ ಬಲಗಾಲಿಗೆ.