ಮಡಿವಾಳಪ್ಪ ಮಾಸ್ತರರ ಮೈಸೂರು ರಾಜ್ಯ

ಮದ್ದಳೆ ಬಾರಿಸಲು ಯಕ್ಷಗಾನ ಮೇಳದ ಹೆಗಡೆಯವರನ್ನು ಕರೆಸಿದ್ದೇ ಮಡಿವಾಳಪ್ಪ ಮಾಸ್ತರರಿಗೆ ಮುಳುವಾಯಿತು.

ಊರು ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ವರ್ಷ ತುಂಬಿದ ದಿನ. ಸಂಜೆ ಶಿರಸಿಯ ಶಾಲೆಯಂಗಳದಲ್ಲಿ ಮಾಸ್ತರರು ಊರವರಿಂದ ಆಡಿಸುವ ‘ಭಾರತ ದರ್ಶನ’ ನೃತ್ಯರೂಪಕ. ಒಬ್ಬೊಬ್ಬರು ಒಂದೊಂದು ಪ್ರಾಂತ. ಹೊಸ ಇನ್‌ಸ್ಪೆಕ್ಟರ್ ಸಾಹೇಬರು ಮೆಚ್ಚಿದರೆ ಮಾಸ್ತರರ ಹಂಗಾಮಿ ನೌಕರಿ ಕಾಯಂ ಆಗುವುದಿತ್ತು.

ಬೆಳಗಿನ ತಾಲೀಮಿಗೆ ಲಾರಿ ಡ್ರೈವರ್ ರಸೂಲ್ ಪಂಜಾಬದ ಮುಂಡಾಸು ಸುತ್ತಿಕೊಂಡು ಬಂದ. ಮದ್ದಳೆ ‘ಧಿಂ’ ಎಂದದ್ದೇ ತಡ, ಮಂಡಿಯೂರಿ ಗಿರಗಿರನೆ ತಿರುಗಿದ.

“ರಸೂಲ್, ಇದು ಯಕ್ಷಗಾನ ಆತಲ್ಲೋ!”

“ಏನ್ ಮಾಡ್ಲಿರಿ ಮಾಸ್ತರ? ಮದ್ದಳಿ ಕೇಳಿದ್ರ ಕಾಲು ನನ್ ಮಾತು ಕೇಳೂದಿಲ್ಲ. ಲಾರಿಗಾದ್ರ ಬ್ರೇಕ್ ಐತಿ.”

ಬಂಗಾಳದ ಹೆಂಗಸಾಗಿದ್ದ ಕೆರಿಯಪ್ಪ ಸೆರಗು ಸೊಂಟಕ್ಕೆ ಸಿಗಿಸಿ ರಾಕ್ಷಸನಂತೆ ಅಬ್ಬರಿಸಿದ. “ವೇಷ ಬರೂವಾಗ ಕೂಗದಿದ್ರೆ ಜನ ಎಂತ ಅಂದಾರು?”

“ಹೆಗಡೇರ, ಬ್ಯಾರೆ ತಾಳ ಬಾರಸ್ರಿ!”

“ಎಂತ ಬಾರ್ಸಿದ್ರೂ ಇವ್ರು ಹೀಂಗೇ ಕುಣಿಯೂದು, ಮಾರಾಯ್ರೆ.”

ಮೈಸೂರು ಆಗಲು ಮಾತ್ರ ಒಬ್ಬರೂ ಒಪ್ಪಲಿಲ್ಲ. “ಮೊನ್ನೆವರೆಗೆ ನಾವು ಮುಂಬಯಿ. ಮೈಸೂರು ಹೆಂಗೆ ಕುಣೀತದೋ ಯಾರು ಕಂಡವ್ರು?” ಎಂದ ಕೆರಿಯಪ್ಪ.

ಸೀರೆ ಎರವಲು ಕೊಟ್ಟಿದ್ದ ಪಕ್ಕದ ಮನೆಯ ಗುರುಶಾಂತವ್ವ ಗೋಡೆಯಾಚೆಯಿಂದಲೇ ಮಾಸ್ತರರಿಗೆ ತೀರ್ಪು ಕೊಟ್ಟಳು: “ನೀನ ಕುಣಿಯೋ ತಮ್ಮಾ. ಬನವಾಸ್ಯಾಗ ಕೋಲಾಟ ಆಡಿದಾವ ಅಲ್ಲೇನು?”

ಮಾಸ್ತರರಿಗೂ ಅದೇ ಸರಿ ಎನಿಸಿತು. ತಾನೊಬ್ಬನಾದರೂ ಬೇರೆ ಹೆಜ್ಜೆ ಹಾಕಿದರೆ ದೇಶದಲ್ಲಿ ಬಗೆಬಗೆಯ ಕುಣಿತ ಇದೆಯೆಂದು ಸಾಹೇಬರಿಗೆ ತಿಳಿಯುತ್ತದಲ್ಲ! ಮಧ್ಯಾಹ್ನವಿಡೀ ಶಾಲೆಯ ಹಿಂದೆ ಒಬ್ಬರೇ ಕೋಲಾಟ ಆಡಿದರು. ಮೇಯುತ್ತಿದ್ದ ದನ ಹಗ್ಗ ಹರಿದುಕೊಂಡು ಓಡಿತು.

ಸಂಜೆ ಪಂಜಾಬ ತಿರುಗಿತು, ಬಂಗಾಳ ಗರ್ಜಿಸಿತು, ಅಸ್ಸಾಂ ಎಗರಿತು. ನಡುವೆ ಮೈಸೂರು ಪೇಟ ಧರಿಸಿದ ಮಾಸ್ತರರು, ಮದುವೆ ಮನೆ ತಪ್ಪಿ ಬಂದ ಬೀಗರಂತೆ, ಟಕ್ ಟಕ್ ಎಂದು ಕೋಲು ಬಡಿಯುತ್ತ ಸುತ್ತಿದರು.

ಸಾಹೇಬರು ಎದ್ದು ನಿಂತರು. “ಇದಪ್ಪಾ ಏಕತೆ! ವೇಷ ಹಲವು, ಹೆಜ್ಜೆ ಒಂದೇ! ಇದನ್ನು ಕಲಿಸಿದ ಮಾಸ್ತರರ ನೌಕರಿ ಇವತ್ತೇ ಕಾಯಂ!”

ಮಾಸ್ತರರು ಕಣ್ಣೊರೆಸಿಕೊಂಡು ಮುಂದೆ ಬರುವಷ್ಟರಲ್ಲಿ ಸಾಹೇಬರು ಹಾರವನ್ನು ಹೆಗಡೆಯವರ ಕೊರಳಿಗೆ ಹಾಕಿದ್ದರು. “ಆ ಮೈಸೂರಿನವ ಒಬ್ಬ ಮಾತ್ರ ಸೇರಲಿಲ್ಲ, ಮಾಸ್ತರರೇ. ಅವನನ್ನು ತೆಗೆದುಬಿಡಿ.”

“ಅಯ್ಯೋ, ಮಾಸ್ತರು ನಾನಲ್ಲ ಸಾಹೇಬ್ರೆ,” ಹೆಗಡೆಯವರು ಗಾಬರಿಯಿಂದ ಬೆರಳು ತೋರಿಸಿದರು, “ಆ ಮೈಸೂರೇ ಮಾಸ್ತರು!”

ಸಾಹೇಬರು ಪೇಟದಿಂದ ಪಾದದವರೆಗೆ ನೋಡಿದರು.

“ಹಾಗಾದರೆ ಇನ್ನೊಂದು ವರ್ಷ ಹಂಗಾಮಿಯಾಗಿಯೇ ಇರಲಿ. ಅಷ್ಟರಲ್ಲಿ ಆ ಪಂಜಾಬಿನವರ ಹತ್ತಿರ ನಮ್ಮ ಕುಣಿತ ಕಲಿಯಲಿ.”